ಅಕ್ಷರಕ್ಕೆ ಕಾಲು ಮೂಡಿದ ಬಗೆ: ಮಕ್ಕಳ ವಿಜ್ಞಾನ ಪಾಠದಲ್ಲಿ ಚಲಿಸುವ ಬರಹ

ಪರದೆಯ ಮೇಲೆ ಹುಟ್ಟುವ, ಸರಿಯುವ, ಹಿಗ್ಗುವ, ಒಡೆಯುವ, ಒಂದರೊಳಗೊಂದು ಬೆರೆಯುವ ಬರಹಕ್ಕೆ ವಿನ್ಯಾಸಕಾರರು ಕೈನೆಟಿಕ್ ಟೈಪೋಗ್ರಫಿ ಎನ್ನುತ್ತಾರೆ; ಕನ್ನಡದಲ್ಲಿ ಚಲಿಸುವ ಅಕ್ಷರ ಎಂದರೆ ಸಾಕು. ‘ಕರಗು’ ಎಂಬ ಪದ ಮಂಜುಗಡ್ಡೆಯಂತೆ ಅಂಚಿನಿಂದ ಕರಗಿ ತೊಟ್ಟಿಕ್ಕಿದರೆ, ‘ಆವಿ’ ಎಂಬ ಪದ ನೀರಿನ ಮೇಲಿಂದ ಎದ್ದು ತೆಳುವಾಗುತ್ತ ಮಾಯವಾದರೆ, ಆರೇಳು ವರ್ಷದ ಮಗುವಿಗೆ ಪದದ ರೂಪವೂ ಅದು ಹೇಳುವ ಕ್ರಿಯೆಯೂ ಒಂದೇ ಏಟಿಗೆ ಸಿಗುತ್ತವೆ. ಚಿಕ್ಕ ಮಕ್ಕಳ ವಿಜ್ಞಾನದಲ್ಲಿ ಹೆಚ್ಚಿನದೆಲ್ಲ ಕ್ರಿಯೆಯೇ: ಬೀಳುವುದು, ಕುದಿಯುವುದು, ಮೊಳೆಯುವುದು, ತಿರುಗುವುದು. ಅಚ್ಚಿನ ಪುಟದಲ್ಲಿ ಈ ಕ್ರಿಯಾಪದಗಳು ಅಲುಗದೆ ಮಲಗಿರುತ್ತವೆ. ಅವನ್ನು ಎಬ್ಬಿಸುವ ಪ್ರಯತ್ನಕ್ಕೆ ನೂರು ವರ್ಷ ದಾಟಿದೆ. ಆದರೆ ಅದು ಶುರುವಾದದ್ದು ಶಾಲೆಯಲ್ಲಲ್ಲ. ಸಿನಿಮಾ ಮಂದಿರದ ಸಾಮೂಹಿಕ ಹಾಡು, ಚಲನಚಿತ್ರದ ಶೀರ್ಷಿಕೆ, ಟೆಲಿವಿಷನ್ ಜಾಹೀರಾತು, ಈ ಮೂರು ಕಡೆಗಳಿಂದ ಪಾಠದ ಕೋಣೆ ಅದನ್ನು ಎರವಲು ತಂದಿತು.

ಅನಿಮೇಷನ್ ಹುಟ್ಟಿದ ದಿನಗಳಲ್ಲೇ ಅಕ್ಷರವೂ ಅಲುಗಾಡಿತು. ಜೆ. ಸ್ಟುವರ್ಟ್ ಬ್ಲ್ಯಾಕ್‌ಟನ್ 1906ರಲ್ಲಿ ಅಮೆರಿಕದಲ್ಲಿ ಮಾಡಿದ, ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಮುಖಗಳು ನಗುವ ಕಿರುಚಿತ್ರದಲ್ಲಿ ಮೊದಲು ಚಲಿಸುವುದು ಚಿತ್ರದ ಹೆಸರೇ. ಚೂರುಗಳು ಬಂದು ಸೇರಿ ಅಕ್ಷರಗಳಾಗುತ್ತವೆ. ಅದು ಬರೀ ಚಮತ್ಕಾರ. ಅಕ್ಷರದ ಚಲನೆಗೆ ಒಂದು ಕೆಲಸ ಒಪ್ಪಿಸಿದವರು ಮ್ಯಾಕ್ಸ್ ಫ್ಲೈಷರ್. 1883ರಲ್ಲಿ ಕ್ರಾಕೌನಲ್ಲಿ ಹುಟ್ಟಿ, ಬಾಲ್ಯದಲ್ಲೇ ನ್ಯೂಯಾರ್ಕ್ ಸೇರಿದ ಅವರು ‘ಪಾಪ್ಯುಲರ್ ಸೈನ್ಸ್’ ಪತ್ರಿಕೆಯ ಕಲಾ ಸಂಪಾದಕರಾಗಿದ್ದವರು. ಯಂತ್ರಗಳನ್ನು ಸಾಮಾನ್ಯ ಓದುಗನಿಗೆ ಬಿಡಿಸಿ ತೋರಿಸುವ ಚಿತ್ರಗಳಲ್ಲಿ ಅವರ ಕೈ ಪಳಗಿತ್ತು. 1924ರಲ್ಲಿ ಅವರ ಸ್ಟುಡಿಯೊ ‘ಸಾಂಗ್ ಕಾರ್-ಟ್ಯೂನ್ಸ್’ ಎಂಬ ಮಾಲಿಕೆ ಆರಂಭಿಸಿತು. ಪರದೆಯ ಮೇಲೆ ಹಾಡಿನ ಸಾಲು, ಅದರ ಮೇಲೆ ತಾಳಕ್ಕೆ ಸರಿಯಾಗಿ ಪದದಿಂದ ಪದಕ್ಕೆ ಪುಟಿಯುವ ಬಿಳಿಯ ಚೆಂಡು. ಪ್ರೇಕ್ಷಕರು ಚೆಂಡನ್ನು ನೋಡುತ್ತ ಒಟ್ಟಿಗೆ ಹಾಡುತ್ತಿದ್ದರು. ಹಾಡಿನ ಕೊನೆಯ ಸುತ್ತಿನಲ್ಲಿ ಚೆಂಡಿನ ಬದಲು ಪುಟ್ಟ ಕಾರ್ಟೂನ್ ಆಕೃತಿಗಳು ಪದಗಳ ಮೇಲೆ ಓಡಿ, ಪದಗಳನ್ನೇ ವಸ್ತುಗಳಾಗಿ ಮಾರ್ಪಡಿಸುವುದೂ ಇತ್ತು.

ಚೆಂಡು ಮಾಡಿದ ಕೆಲಸ ಸರಳ: ಈ ಕ್ಷಣದಲ್ಲಿ ಕಣ್ಣು ಎಲ್ಲಿರಬೇಕು ಎಂದು ಹೇಳಿತು. ಮುಂದೆ ಬಂದ ಎಲ್ಲ ಮಕ್ಕಳ ಕಾರ್ಯಕ್ರಮಗಳಿಗೂ ಇದೇ ತಳಪಾಯ. ಗಮನಿಸಬೇಕಾದ ಸಂಗತಿಯೆಂದರೆ, ಇದೇ ಫ್ಲೈಷರ್ 1923ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಮೇಲೆ, 1925ರಲ್ಲಿ ವಿಕಾಸವಾದದ ಮೇಲೆ ಚಿತ್ರಗಳನ್ನು ಹೊರತಂದರು. ವಿಜ್ಞಾನವೂ ಚಲಿಸುವ ಬರಹವೂ ಒಂದೇ ಸ್ಟುಡಿಯೊದ ಎರಡು ಮೇಜುಗಳ ಮೇಲಿದ್ದವು. ಆ ಮೇಜುಗಳನ್ನು ಕೂಡಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು.

ಆ ನಡುವಿನ ಕಾಲದಲ್ಲಿ ತಂತ್ರ ಬೆಳೆದದ್ದು ಹಾಲಿವುಡ್ಡಿನಲ್ಲಿ. ಹಿಚ್‌ಕಾಕರ ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959) ಚಿತ್ರದ ಆರಂಭದಲ್ಲಿ ವಿನ್ಯಾಸಕಾರ ಸಾಲ್ ಬಾಸ್ ಗಗನಚುಂಬಿ ಕಟ್ಟಡದ ಗಾಜಿನ ಚೌಕಗಳ ಗೆರೆಗಳನ್ನೇ ಹಳಿ ಮಾಡಿಕೊಂಡು ಹೆಸರುಗಳನ್ನು ಲಿಫ್ಟಿನಂತೆ ಮೇಲಕ್ಕೂ ಕೆಳಕ್ಕೂ ಓಡಿಸಿದರು. ಮರುವರ್ಷ ‘ಸೈಕೊ’ ಚಿತ್ರದಲ್ಲಿ ಹೆಸರುಗಳು ಸೀಳಿ ಬೇರೆಯಾದವು. ಪದದ ಚಲನೆಯೇ ಪದದ ಭಾವವನ್ನು ಹೊರಬಲ್ಲದು ಎಂಬುದು ಇಲ್ಲಿ ಸ್ಪಷ್ಟವಾಯಿತು. ಜಾಹೀರಾತಿನವರು ಅದನ್ನು ತಕ್ಷಣ ಹಿಡಿದುಕೊಂಡರು. ಅಮೆರಿಕದ ಮಕ್ಕಳು ಶಾಲೆಗೆ ಹೋಗುವ ಮುನ್ನವೇ ಟಿವಿ ಜಾಹೀರಾತಿನ ಹಾಡುಗಳನ್ನು ಬಾಯಿಪಾಠ ಒಪ್ಪಿಸತೊಡಗಿದ್ದರು.

ಜೋನ್ ಗ್ಯಾನ್ಜ್ ಕೂನಿ ಮತ್ತು ಲಾಯ್ಡ್ ಮೋರಿಸೆಟ್ ಕಟ್ಟಿದ ಚಿಲ್ಡ್ರನ್ಸ್ ಟೆಲಿವಿಷನ್ ವರ್ಕ್‌ಶಾಪ್ ಸಂಸ್ಥೆಯ ಮೂಲ ಯೋಚನೆ ಇದರಿಂದಲೇ ಬಂತು. ಸಾಬೂನನ್ನು ಮಾರುವ ಕಲೆಯಿಂದ ಅಕ್ಷರವನ್ನು ಏಕೆ ಮಾರಬಾರದು? 1969ರ ನವೆಂಬರ್ 10ರಂದು ಆರಂಭವಾದ ‘ಸೆಸಮಿ ಸ್ಟ್ರೀಟ್’ ಕಾರ್ಯಕ್ರಮದ ಮೊದಲ ಕಂತಿಗೆ ‘ಪ್ರಾಯೋಜಕರು’ ಇಂಗ್ಲಿಷಿನ ಡಬ್ಲ್ಯು, ಎಸ್, ಇ ಅಕ್ಷರಗಳು ಮತ್ತು 2, 3 ಎಂಬ ಅಂಕಿಗಳು. ಒಂದೊಂದು ಅಕ್ಷರಕ್ಕೂ ಜಾಹೀರಾತಿನಷ್ಟೇ ಚಿಕ್ಕದಾದ, ಜಾಹೀರಾತಿನಷ್ಟೇ ಚುರುಕಾದ ಅನಿಮೇಷನ್ ತುಣುಕುಗಳಿದ್ದವು.

ಈ ಸಂಸ್ಥೆಯ ನಿಜವಾದ ಹಿರಿಮೆ ಅದು ಮಗುವಿನ ಕಣ್ಣನ್ನು ಸಾಕ್ಷಿಯಾಗಿ ಕರೆದದ್ದರಲ್ಲಿದೆ. ಸಂಶೋಧನೆಯ ಹೊಣೆ ಹೊತ್ತಿದ್ದ ಎಡ್ವರ್ಡ್ ಪಾಮರ್ ಟಿವಿಯ ಪಕ್ಕದಲ್ಲೇ ಇನ್ನೊಂದು ಪರದೆಯಿಟ್ಟು, ಅದರಲ್ಲಿ ಏಳೆಂಟು ಸೆಕೆಂಡಿಗೊಮ್ಮೆ ಬದಲಾಗುವ ಬಣ್ಣದ ಸ್ಲೈಡುಗಳನ್ನು ತೋರಿಸುತ್ತಿದ್ದರು. ಮಗು ಯಾವ ಕ್ಷಣದಲ್ಲಿ ಟಿವಿಯಿಂದ ಕಣ್ಣು ತೆಗೆದು ಸ್ಲೈಡಿನತ್ತ ಹೊರಳಿತು ಎಂಬುದನ್ನು ದಾಖಲಿಸಿ, ಅಷ್ಟು ಭಾಗವನ್ನು ತಿದ್ದುತ್ತಿದ್ದರು ಅಥವಾ ಕಿತ್ತುಹಾಕುತ್ತಿದ್ದರು. 1970ರ ದಶಕದಲ್ಲಿ ಹಾರ್ವರ್ಡಿನ ಬಾರ್ಬರಾ ಫ್ಲ್ಯಾಗ್ ಕಣ್ಣಿನ ಚಲನೆಯನ್ನೇ ಅಳೆಯುವ ಉಪಕರಣದಿಂದ ಇನ್ನೂ ಒಳಕ್ಕೆ ಹೋದರು. ಆಸ್ಕರ್ ಎಂಬ ಗೊಂಬೆ ಅಕ್ಷರಗಳನ್ನು ಕೂಡಿಸಿ ಪದ ಮಾಡುವ ಒಂದು ತುಣುಕಿನಲ್ಲಿ ಮಕ್ಕಳು ನೋಡಿದ್ದು ಬಹುಮಟ್ಟಿಗೆ ಗೊಂಬೆಯನ್ನು. ಅಕ್ಷರಗಳನ್ನು ಎಡದಿಂದ ಬಲಕ್ಕೆ ಅನುಸರಿಸಿದ ಮಗು ಒಂದೂ ಇರಲಿಲ್ಲ. ಇನ್ನೊಂದು ತುಣುಕಿನಲ್ಲಿ ಗೊಂಬೆ ಪರದೆಯ ನಡುವಿನ ಪದದ ಹಿಂದೆ ನಿಂತು, ಒಂದೊಂದೇ ಅಕ್ಷರಕ್ಕೆ ಸರಿಯುತ್ತ ಅದನ್ನು ನುಡಿದಾಗ, ಹೆಚ್ಚಿನ ಮಕ್ಕಳ ಕಣ್ಣು ಅಕ್ಷರದ ಜಾಡಿನಲ್ಲೇ ನಡೆಯಿತು. ಎರಡೂ ತುಣುಕು ಮಕ್ಕಳಿಗೆ ಇಷ್ಟವಾಗಿದ್ದವು. ಇಷ್ಟವಾಗುವುದಕ್ಕೂ ಕಲಿಯುವುದಕ್ಕೂ ಇರುವ ಅಂತರ ಇಲ್ಲಿ ಖಚಿತವಾಗಿ ಕಂಡಿತು.

ಇದೇ ಸಂಸ್ಥೆ 1971ರ ಅಕ್ಟೋಬರ್ 25ರಂದು ‘ದಿ ಎಲೆಕ್ಟ್ರಿಕ್ ಕಂಪನಿ’ಯನ್ನು ತಂದಿತು. ಏಳರಿಂದ ಹತ್ತು ವರ್ಷದ, ಓದಿನಲ್ಲಿ ಹಿಂದೆ ಬಿದ್ದ ಮಕ್ಕಳು ಇದರ ಪ್ರೇಕ್ಷಕರು. ಆರು ಋತುಗಳಲ್ಲಿ 780 ಕಂತುಗಳು ಬಂದವು. ಚಲಿಸುವ ಅಕ್ಷರದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗಶಾಲೆ ಮತ್ತೊಂದಿಲ್ಲ ಎನ್ನಬಹುದು. ಅದರ ಪ್ರಸಿದ್ಧ ತುಣುಕೊಂದರಲ್ಲಿ ಎರಡು ಮುಖಗಳು ನೆರಳಿನಂತೆ ಎದುರುಬದುರಾಗಿ ನಿಲ್ಲುತ್ತವೆ. ಒಂದು ಮುಖ ಪದದ ಮೊದಲ ಧ್ವನಿಯನ್ನು ನುಡಿದರೆ ಆ ಅಕ್ಷರ ಬಾಯಿಂದ ಹೊರಬರುತ್ತದೆ. ಇನ್ನೊಂದು ಉಳಿದ ಧ್ವನಿಯನ್ನು ನುಡಿದರೆ ಆ ಭಾಗ ಬರುತ್ತದೆ. ನಡುವೆ ಎರಡೂ ಸೇರಿ ಪದವಾದಾಗ ಇಬ್ಬರೂ ಒಟ್ಟಿಗೆ ಅದನ್ನು ಹೇಳುತ್ತಾರೆ. ಕಣ್ಣು ಸಹಜವಾಗಿ ಬಾಯಿಯತ್ತ ಹೋಗುತ್ತದೆ, ಬಾಯಿಂದ ಅಕ್ಷರ ಬರುತ್ತದೆ, ಹಾಗಾಗಿ ಕಣ್ಣು ಅಕ್ಷರದೊಂದಿಗೇ ನಡುವಿಗೆ ಬರುತ್ತದೆ. ಇದಕ್ಕಿಂತ ಅಚ್ಚುಕಟ್ಟಾದ ಪಾಠ ವಿನ್ಯಾಸ ಸಿಗುವುದು ಕಷ್ಟ.

ಜಾನ್ ಮತ್ತು ಫೇತ್ ಹಬ್ಲಿ ದಂಪತಿ ಅನಿಮೇಟ್ ಮಾಡಿದ ‘ಲೆಟರ್‌ಮ್ಯಾನ್’ ಕೂಡ ಇದರಲ್ಲೇ ಬಂತು. ಖಳನೊಬ್ಬ ಪದದ ಒಂದು ಅಕ್ಷರವನ್ನು ಬದಲಿಸುತ್ತಾನೆ, ವಸ್ತುವೇ ಬದಲಾಗಿ ಅನಾಹುತವಾಗುತ್ತದೆ. ನಾಯಕ ತನ್ನ ಅಂಗಿಯ ಮೇಲಿನ ಅಕ್ಷರವನ್ನು ಕಿತ್ತು ಅಲ್ಲಿಟ್ಟು ಸರಿಪಡಿಸುತ್ತಾನೆ. ಬಾಗುವ, ಹಿಗ್ಗುವ, ಅಲೆಯಾಗುವ ಅಕ್ಷರಗಳಿಗೆ ಲೀ ಹ್ಯಾರಿಸನ್ ರೂಪಿಸಿದ ಸ್ಕ್ಯಾನಿಮೇಟ್ ಎಂಬ ಯಂತ್ರ ನೆರವಾಯಿತು. ಕಪ್ಪು ಫಿಲ್ಮಿನ ಮೇಲಿನ ಅಕ್ಷರವನ್ನು ಕ್ಯಾಮೆರಾ ಸ್ಕ್ಯಾನ್ ಮಾಡುತ್ತಿತ್ತು, ಆ ಸಂಕೇತದ ವೋಲ್ಟೇಜನ್ನು ಗುಂಡಿಗಳಿಂದ ಏರಿಳಿಸಿದಂತೆ ಪರದೆಯ ಅಕ್ಷರ ಅದೇ ಕ್ಷಣದಲ್ಲಿ ರೂಪ ಬದಲಿಸುತ್ತಿತ್ತು. ಕೈಯಲ್ಲಿ ಚೌಕಟ್ಟು ಚೌಕಟ್ಟಾಗಿ ಬರೆಯಬೇಕಿದ್ದ ಚಲನೆ ಆ ಯಂತ್ರದಲ್ಲಿ ನಿಂತ ಹಾಗೆಯೇ ಸಿದ್ಧವಾಗುತ್ತಿತ್ತು. ಸ್ಯಾಮ್ಯುಯೆಲ್ ಬಾಲ್ ಮತ್ತು ಗೆರಿ ಆನ್ ಬೊಗಾಟ್ಜ್ ಫ್ರೆಸ್ನೊ ಹಾಗೂ ಯಂಗ್ಸ್‌ಟೌನ್ ನಗರಗಳಲ್ಲಿ ನಡೆಸಿದ ಮೌಲ್ಯಮಾಪನ 1973ರಲ್ಲಿ ಪ್ರಕಟವಾಯಿತು: ತರಗತಿಯಲ್ಲಿ, ಉಪಾಧ್ಯಾಯರ ಜೊತೆ ನೋಡಿದ ಮಕ್ಕಳ ಓದು ಸ್ಪಷ್ಟವಾಗಿ ಸುಧಾರಿಸಿತ್ತು. ಮನೆಯಲ್ಲಿ ತಾವೇ ನೋಡಿದವರಲ್ಲಿ ಅಂಥ ಫಲ ಕಾಣಲಿಲ್ಲ.

ವಿಜ್ಞಾನದ ಪರಿಕಲ್ಪನೆಗೆ ಈ ತಂತ್ರವನ್ನು ಒಗ್ಗಿಸಿದ್ದು ಇನ್ನೊಂದು ಗುಂಪು. ನ್ಯೂಯಾರ್ಕಿನ ಜಾಹೀರಾತು ಸಂಸ್ಥೆಯೊಂದರ ಮುಖ್ಯಸ್ಥ ಡೇವಿಡ್ ಮೆಕಾಲ್ ತನ್ನ ಮಗನಿಗೆ ಮಗ್ಗಿ ನೆನಪಿರುವುದಿಲ್ಲ, ರಾಕ್ ಹಾಡುಗಳ ಸಾಹಿತ್ಯ ಮಾತ್ರ ಪೂರ್ತಿ ನೆನಪಿರುತ್ತದೆ ಎಂಬುದನ್ನು ಕಂಡುಕೊಂಡರು. ಸಂಗೀತಗಾರ ಬಾಬ್ ಡೊರೊ ಮಗ್ಗಿಯನ್ನು ಹಾಡಾಗಿಸಿದರು, ಟಾಮ್ ಯೋಹಿ ಆ ಹಾಡಿಗೆ ಚಿತ್ರ ಗೀಚಿದರು. ಹೀಗೆ ಹುಟ್ಟಿದ ‘ಸ್ಕೂಲ್‌ಹೌಸ್ ರಾಕ್’ 1973ರ ಜನವರಿಯಿಂದ ಎಬಿಸಿ ವಾಹಿನಿಯಲ್ಲಿ ಶನಿವಾರ ಬೆಳಗಿನ ಕಾರ್ಟೂನುಗಳ ನಡುವೆ ಮೂರು ಮೂರು ನಿಮಿಷದ ತುಣುಕಾಗಿ ಬಂತು. ವ್ಯಾಕರಣದ ಮಾಲಿಕೆಯಲ್ಲಿ ಪದಗಳು ರೈಲಿನ ಬೋಗಿಗಳಾದವು, ಸಂಬಂಧಾವ್ಯಯಗಳು ಅವನ್ನು ಜೋಡಿಸುವ ಕೊಂಡಿಗಳಾದವು. 1978ರಲ್ಲಿ ಆರಂಭವಾದ ವಿಜ್ಞಾನದ ಮಾಲಿಕೆ ಗುರುತ್ವ, ವಿದ್ಯುತ್ತು, ರಕ್ತಪರಿಚಲನೆ, ಮೂಳೆಗಳು, ನರಮಂಡಲ, ಸೌರಮಂಡಲಗಳನ್ನು ತೆಗೆದುಕೊಂಡಿತು. ನರಮಂಡಲವನ್ನು ತಂತಿಯ ಜಾಲವೆಂದು ತೋರಿಸಿದ್ದು ಅಂದಿನ ಮಗುವಿಗೆ ಸುಲಭವಾಗಿ ತಲುಪಿರಬೇಕು, ಅಮೆರಿಕದ ಬೀದಿಗಳಲ್ಲಿ ತಂತಿ ಕಂಬಗಳು ಕಣ್ಣೆದುರಿಗೇ ಇದ್ದವು.

ಹಾಡು ಇಲ್ಲದೆ, ಬರೀ ಅಂಕಿಯಿಂದ ಈ ಕೆಲಸ ಮಾಡಿದ ಚಿತ್ರವೊಂದು ಆ ಹೊತ್ತಿಗೇ ಬಂದಿತ್ತು. ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯ ‘ಪವರ್ಸ್ ಆಫ್ ಟೆನ್’ (1977). ಶಿಕಾಗೊದ ಸರೋವರದ ದಡದಲ್ಲಿ ಮಲಗಿದ ಮನುಷ್ಯನಿಂದ ಕ್ಯಾಮೆರಾ ಮೇಲೇರುತ್ತದೆ. ಹತ್ತು ಸೆಕೆಂಡಿಗೊಮ್ಮೆ ದೂರ ಹತ್ತು ಪಟ್ಟಾಗುತ್ತದೆ. ಚೌಕಟ್ಟಿನ ಅಂಚಿನಲ್ಲಿ ಅಂಕಿಗಳು ಅದಕ್ಕೆ ಸರಿಯಾಗಿ ಬದಲಾಗುತ್ತಿರುತ್ತವೆ. ಹತ್ತರ 24ನೆಯ ಘಾತದಷ್ಟು ಮೀಟರ್‌ವರೆಗೆ ಹೋಗಿ, ಹಿಂದಿರುಗಿ, ಮನುಷ್ಯನ ಕೈಯೊಳಕ್ಕೆ ಇಳಿದು ಪರಮಾಣುವಿನ ಒಡಲು ಮುಟ್ಟುವುದಕ್ಕೆ ಒಂಬತ್ತು ನಿಮಿಷ. ಘಾತದ ಅಂಕಿ ಏರಿದಷ್ಟೂ ಮಗು ಅಳತೆಯ ಅಗಾಧತೆಯನ್ನು ಕಾಣುತ್ತದೆ. ಈ ಚಿತ್ರದ ಬೇರು ಕೀಸ್ ಬೂಕೆ ಎಂಬ ಡಚ್ ಶಿಕ್ಷಕ 1957ರಲ್ಲಿ ಹೊರತಂದ ‘ಕಾಸ್ಮಿಕ್ ವ್ಯೂ’ ಪುಸ್ತಕದಲ್ಲಿದೆ. ಅದು ಬಿಲ್ತೊವನ್ ಊರಿನ ಅವರ ಶಾಲೆಯ ಮಕ್ಕಳೊಂದಿಗೆ ಮಾಡಿದ ಕೆಲಸದಿಂದ ಹುಟ್ಟಿದ ಪುಸ್ತಕ. ಚಲಿಸುವ ಬರಹದ ಇತಿಹಾಸದಲ್ಲಿ ತರಗತಿಯಿಂದಲೇ ಪರದೆಗೆ ಹೋದ ಅಪರೂಪದ ಉದಾಹರಣೆ ಇದು.

ಮುಂದಿನ ದಶಕಗಳು ಸಲಕರಣೆಯ ದಶಕಗಳು. ಎಂಐಟಿಯಲ್ಲಿ ಮ್ಯೂರಿಯಲ್ ಕೂಪರ್ ಬೆಳೆಸಿದ ವಿಸಿಬಲ್ ಲ್ಯಾಂಗ್ವೇಜ್ ವರ್ಕ್‌ಶಾಪ್ ಕಂಪ್ಯೂಟರಿನ ಪರದೆಯ ಮೇಲಿನ ಬರಹಕ್ಕೆ ಆಳ, ಪದರ, ಕಾಲ ಎಂಬ ಆಯಾಮಗಳನ್ನು ಹುಡುಕಿತು. 1990ರ ದಶಕದಲ್ಲಿ ಆಫ್ಟರ್ ಇಫೆಕ್ಟ್ಸ್, ಫ್ಲ್ಯಾಶ್ ಎಂಬ ಅನಿಮೇಷನ್ ತಂತ್ರಾಂಶಗಳು ಬಂದವು. 2005ರಲ್ಲಿ ಯೂಟ್ಯೂಬ್ ಬಂತು. ಸ್ಕ್ಯಾನಿಮೇಟಿನಂಥ ಕೋಣೆ ತುಂಬುವ ಯಂತ್ರ ಮಾಡುತ್ತಿದ್ದುದನ್ನು ಮನೆಯ ಕಂಪ್ಯೂಟರ್ ಮಾಡತೊಡಗಿತು.

ಸುಲಭವಾದದ್ದು ಅತಿಯಾಯಿತು, ಮನಶ್ಶಾಸ್ತ್ರಜ್ಞರು ಎಚ್ಚರಿಸಿದರು. ರಿಚರ್ಡ್ ಮೇಯರ್ ಮತ್ತು ಜೊತೆಗಾರರು 2001ರಲ್ಲಿ ಮಿಂಚು ಹೇಗೆ ಉಂಟಾಗುತ್ತದೆ ಎಂಬ ಅನಿಮೇಷನ್ ಪಾಠವನ್ನು ಪರೀಕ್ಷಿಸಿದರು. ಚಿತ್ರ ಮತ್ತು ಧ್ವನಿಯ ಜೊತೆಗೆ ಅದೇ ಮಾತನ್ನು ಪರದೆಯ ಮೇಲೂ ಬರೆದಾಗ ಕಲಿಕೆ ಕುಗ್ಗಿತು. ಕಣ್ಣು ಚಿತ್ರಕ್ಕೂ ಬರಹಕ್ಕೂ ಹಂಚಿಹೋಗುತ್ತಿತ್ತು. 2008ರಲ್ಲಿ ಅದೇ ಮೇಯರ್ ಶೆರಿಲ್ ಜಾನ್ಸನ್ ಜೊತೆ ತಮ್ಮ ತೀರ್ಮಾನವನ್ನು ತಿದ್ದಿಕೊಂಡರು: ಪೂರ್ತಿ ವಾಕ್ಯ ಬೇಡ, ಎರಡು ಮೂರು ಪದ, ಅದೂ ಚಿತ್ರದ ಸಂಬಂಧಪಟ್ಟ ಭಾಗದ ಪಕ್ಕದಲ್ಲೇ ಇದ್ದರೆ ನೆನಪಿಗೆ ಸಹಾಯವಾಗುತ್ತದೆ. ಬಾರ್ಬರಾ ಟ್ವರ್ಸ್ಕಿ ಮತ್ತು ಸಂಗಡಿಗರು 2002ರಲ್ಲಿ ಅನಿಮೇಷನ್ ಕುರಿತ ಅಧ್ಯಯನಗಳನ್ನು ಒರೆಗೆ ಹಚ್ಚಿ, ಚಲನೆ ಇದೆಯೆಂಬ ಕಾರಣಕ್ಕೇ ಅದು ಸ್ಥಿರ ಚಿತ್ರಕ್ಕಿಂತ ಮೇಲಾಗುವುದಿಲ್ಲ ಎಂದರು; ಬಹಳ ವೇಗವಾದ, ಬಹಳ ತೊಡಕಾದ ಚಲನೆಯನ್ನು ಮನಸ್ಸು ಹಿಡಿಯಲಾರದು. ಮೇಯರರ ಪ್ರಯೋಗಗಳಲ್ಲಿ ಇದ್ದವರು ಕಾಲೇಜು ವಿದ್ಯಾರ್ಥಿಗಳು ಎಂಬುದನ್ನೂ ಮರೆಯಬಾರದು. ಓದು ಸಲೀಸಾದವನಿಗೆ ಪರದೆಯ ಪದ ಹೊರೆಯಾದೀತು. ಓದು ಇನ್ನೂ ಕೂಡಿಬರುತ್ತಿರುವ ಮಗುವಿಗೆ ಅದೇ ಪದ ಪಾಠದ ಅರ್ಧ ಭಾಗ.

ಚಲಿಸುವ ಪದ ಮನಸ್ಸಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ತಪ್ಪೂ ಅಷ್ಟೇ ಗಟ್ಟಿಯಾಗಿ ಕೂರುತ್ತದೆ. ಹೈ ಜ್ಯಾರೆಟ್ ಮತ್ತು ಲೂ ಸಿಂಗರ್ 1959ರಲ್ಲಿ ಮಕ್ಕಳಿಗಾಗಿ ವಿಜ್ಞಾನದ ಹಾಡುಗಳ ಧ್ವನಿಮುದ್ರಿಕೆಗಳನ್ನು ಹೊರತಂದಾಗ, ಅವುಗಳಲ್ಲಿ ಸೂರ್ಯನನ್ನು ಉರಿಬಿಸಿಯ ಅನಿಲದ ರಾಶಿ ಎಂದು ವರ್ಣಿಸುವ ಹಾಡೊಂದಿತ್ತು. ದೇ ಮೈಟ್ ಬಿ ಜೈಂಟ್ಸ್ ಎಂಬ ವಾದ್ಯವೃಂದ ಅದನ್ನು 1990ರ ದಶಕದಲ್ಲಿ ಮತ್ತೆ ಹಾಡಿ ಜನಪ್ರಿಯಗೊಳಿಸಿತು. ಸೂರ್ಯ ಅನಿಲವಲ್ಲ, ಪ್ಲಾಸ್ಮಾ. 2009ರಲ್ಲಿ ಅದೇ ತಂಡ ಅನಿಮೇಷನ್ ವಿಡಿಯೊಗಳೊಡನೆ ಹೊರತಂದ ಮಕ್ಕಳ ವಿಜ್ಞಾನ ಸಂಪುಟ ‘ಹಿಯರ್ ಕಮ್ಸ್ ಸೈನ್ಸ್’ನಲ್ಲಿ ಹಳೆಯ ಹಾಡನ್ನೂ ಇಟ್ಟು, ಅದರ ಬೆನ್ನಿಗೇ ಅದನ್ನು ತಿದ್ದುವ ಹೊಸ ಹಾಡನ್ನೂ ಇಟ್ಟಿತು. ಮಕ್ಕಳ ಪಾಠದಲ್ಲಿ ಇದು ಘನವಾದ ನಡೆ. ವಿಜ್ಞಾನ ತನ್ನನ್ನು ತಿದ್ದಿಕೊಳ್ಳುವ ರೀತಿಯೇ ಅಲ್ಲಿ ಪಾಠವಾಯಿತು.

ಭಾರತದಲ್ಲಿ ಈ ಕಥೆ ಬೇರೆ ದಾರಿ ಹಿಡಿಯಿತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಉಪಗ್ರಹ ದೂರದರ್ಶನ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಇದರಲ್ಲಿದ್ದವು. ಬೆಳಗಿನ ಹೊತ್ತು ಶಾಲಾ ಮಕ್ಕಳಿಗೆ ಮೀಸಲು. ವಿಜ್ಞಾನದ ಕಾರ್ಯಕ್ರಮಗಳನ್ನು ಇಸ್ರೊದ ಮುಂಬಯಿ ಸ್ಟುಡಿಯೊ ತಯಾರಿಸುತ್ತಿತ್ತು. ಈ ಪ್ರಯೋಗಕ್ಕೆ ಬಳಸಿದ ಎಟಿಎಸ್-6 ಉಪಗ್ರಹ ಒಂದು ಚಿತ್ರವನ್ನೂ ಎರಡು ಧ್ವನಿಗಳನ್ನೂ ಒಟ್ಟಿಗೆ ಕಳಿಸಬಲ್ಲದಾಗಿತ್ತು. ಒಂದೇ ಚಿತ್ರಕ್ಕೆ ಒಂದೆಡೆ ತೆಲುಗು, ಇನ್ನೊಂದೆಡೆ ಕನ್ನಡ. ಬಹುಭಾಷೆಯ ದೇಶಕ್ಕೆ ಇದು ಜಾಣ ಉಪಾಯ. ಆದರೆ ಹಂಚಿಕೊಂಡ ಚಿತ್ರದಲ್ಲಿ ಬರಹಕ್ಕೆ ಜಾಗವಿಲ್ಲ. ಅಲ್ಲಿ ಕನ್ನಡ ಅಕ್ಷರ ಬರೆದರೆ ತೆಲುಗು ಮಗುವಿಗೆ ಪಾಠ ತಪ್ಪುತ್ತದೆ, ತೆಲುಗಿನಲ್ಲಿ ಬರೆದರೆ ಕನ್ನಡದ ಮಗುವಿಗೆ. ಅಮೆರಿಕದ ಪರದೆಯಲ್ಲಿ ಅಕ್ಷರಗಳು ಕುಣಿಯುತ್ತಿದ್ದ ಆ ವರ್ಷಗಳಲ್ಲೇ ಇಲ್ಲಿಯ ಪಾಠ ಧ್ವನಿ ಮತ್ತು ಚಿತ್ರವನ್ನೇ ನೆಚ್ಚಬೇಕಾಯಿತು.

ಪುಟಿಯುವ ಚೆಂಡು ಭಾರತಕ್ಕೆ ಬಂದದ್ದು ಹಾಡಿನ ಮೂಲಕವೇ. ಬ್ರಿಜ್ ಕೊಠಾರಿ 1996ರಲ್ಲಿ ಮುಂದಿಟ್ಟ, ಹಾಡಿನ ಭಾಷೆಯಲ್ಲೇ ಅಡಿಬರಹ ಕೊಡುವ ಯೋಜನೆಯಲ್ಲಿ ಚಿತ್ರಗೀತೆಯ ಪದಗಳು ಹಾಡಿದ ಹಾಗೆ ಒಂದೊಂದಾಗಿ ಬಣ್ಣ ಬದಲಿಸುತ್ತವೆ. 1999ರಲ್ಲಿ ಗುಜರಾತಿ ‘ಚಿತ್ರಗೀತ್’ ಕಾರ್ಯಕ್ರಮದಿಂದ ಶುರುವಾಗಿ, ಹಿಂದಿಯ ‘ಚಿತ್ರಹಾರ್’, ‘ರಂಗೋಲಿ’ಗಳಿಗೂ ಕನ್ನಡವೂ ಸೇರಿದಂತೆ ಇತರ ಭಾಷೆಗಳ ಚಿತ್ರಗೀತೆಗಳಿಗೂ ಅದು ಹಬ್ಬಿತು. 2004ರ ಸೆಪ್ಟೆಂಬರ್ 20ರಂದು ಎಜುಸ್ಯಾಟ್ ಉಪಗ್ರಹ ಉಡಾವಣೆಯಾದ ಮೇಲೆ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ಕನ್ನಡದ್ದೇ ಚಿತ್ರ, ಕನ್ನಡದ್ದೇ ಧ್ವನಿಯ ಪಾಠಗಳು ತಲುಪುವಂತಾಯಿತು. ಪರದೆಯ ಮೇಲೆ ಕನ್ನಡ ಬರೆಯಲು ಇದ್ದ ಹಳೆಯ ಅಡ್ಡಿ ಅಲ್ಲಿಗೆ ಕಳೆಯಿತು.

ಉಳಿದದ್ದು ಲಿಪಿಯ ಪ್ರಶ್ನೆ. ಇಂಗ್ಲಿಷಿನಲ್ಲಿ ಅಕ್ಷರಗಳು ಒಂದರ ಪಕ್ಕ ಒಂದು ನಿಂತ ಬಿಡಿ ಮಣಿಗಳು. ಒಂದೊಂದನ್ನೇ ಬೀಳಿಸಬಹುದು, ಹಾರಿಸಬಹುದು. ಕನ್ನಡದಲ್ಲಿ ಒತ್ತು ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲೋ ಪಕ್ಕಕ್ಕೋ ಹೋಗುತ್ತದೆ, ಎಲ್ಲ ಸೇರಿ ಒಂದು ಉಚ್ಚಾರವಾಗುತ್ತದೆ. ‘ದ್ಯುತಿಸಂಶ್ಲೇಷಣೆ’ ಎಂಬ ಪಠ್ಯಪುಸ್ತಕದ ಪದದಲ್ಲಿ ಮಗು ಉಚ್ಚರಿಸುವ ಅಕ್ಷರಗಳು ಆರು. ಕಂಪ್ಯೂಟರು ಅಕ್ಷರಗಳಿಗೆ ಬಳಸುವ ಯೂನಿಕೋಡಿನಲ್ಲಿ ಅದು 15 ಸಂಕೇತಗಳ ಸಾಲು. ಇಂಗ್ಲಿಷಿಗೆಂದು ಮಾಡಿದ ತಂತ್ರಾಂಶ ಆ 15ನ್ನೂ ಬಿಡಿಬಿಡಿಯಾಗಿ ಕುಣಿಸಹೊರಟರೆ ‘ಶ್ಲೇ’ ಒಡೆದು ಶಕಾರ ಒಂದೆಡೆ, ಲಕಾರದ ಒತ್ತು ಇನ್ನೊಂದೆಡೆ ಹಾರುತ್ತದೆ. ಹಳೆಯ ‘ನುಡಿ’ ತಂತ್ರಾಂಶದ ಫಾಂಟುಗಳಲ್ಲಿ ಅಕ್ಷರದ ಚೂರುಗಳೇ ಬೇರೆ ಬೇರೆ ಸಂಕೇತಗಳಾಗಿದ್ದುದರಿಂದ ಈ ತೊಂದರೆ ಇನ್ನೂ ಹೆಚ್ಚು. ಬಾಯಿ ನುಡಿಯದ ಚೂರನ್ನು ಕಣ್ಣಿಗೆ ತೋರಿಸುವುದು ಎಲೆಕ್ಟ್ರಿಕ್ ಕಂಪನಿಯ ಎದುರುಬದುರು ಮುಖಗಳ ಪಾಠಕ್ಕೆ ತದ್ವಿರುದ್ಧ.

ಕನ್ನಡದಲ್ಲಿ ಚಲನೆಯ ಘಟಕ ಪೂರ್ಣಾಕ್ಷರವೇ ಆಗಬೇಕು, ಅಥವಾ ಅರ್ಥವುಳ್ಳ ಪದಭಾಗವಾಗಬೇಕು. ‘ದ್ಯುತಿ’ ಎಂದರೆ ಬೆಳಕು, ‘ಸಂಶ್ಲೇಷಣೆ’ ಎಂದರೆ ಕೂಡಿಸಿ ಕಟ್ಟುವುದು. ಬಿಸಿಲಿನ ಕಡೆಯಿಂದ ಮೊದಲ ಭಾಗ ಇಳಿದು, ಹಸಿರೆಲೆಯ ಮೇಲೆ ಕಾದಿರುವ ಎರಡನೆಯ ಭಾಗಕ್ಕೆ ಸೇರಿಕೊಂಡರೆ, ಮಕ್ಕಳು ಬಾಯಿಪಾಠಕ್ಕೂ ಹೆದರುವ ಆ ಉದ್ದನೆಯ ಪದ ತಾನೇ ಪಾಠ ಹೇಳುತ್ತದೆ. ಸಂಸ್ಕೃತದಿಂದ ಬಂದ ನಮ್ಮ ವಿಜ್ಞಾನದ ಪದಗಳು ಕಷ್ಟವೆಂಬ ದೂರು ಹಳೆಯದು. ಅವುಗಳಲ್ಲಿ ಹೆಚ್ಚಿನವು ಹೀಗೆ ಬಿಡಿಸಿದರೆ ಬಿಚ್ಚಿಕೊಳ್ಳುವ ಸಮಾಸಗಳು ಎಂಬುದು ಅಷ್ಟೇ ನಿಜ, ಮತ್ತು ಚಲಿಸುವ ಬರಹಕ್ಕೆ ಅದೊಂದು ದೊಡ್ಡ ಅನುಕೂಲ. ಕನ್ನಡದ ಮಕ್ಕಳಿಗಾಗಿ ಇಂಥ ಪಾಠ ಮಾಡುವವರು ಅದನ್ನು ಪ್ರಸಾರಕ್ಕೆ ಬಿಡುವ ಮೊದಲು ಹತ್ತು ಮಕ್ಕಳನ್ನು ಎದುರಿಗೆ ಕೂರಿಸಿ, ಪರದೆಯ ಬದಲು ಆ ಮಕ್ಕಳ ಕಣ್ಣನ್ನೇ ನೋಡಬೇಕು.